ಜೋತಾಡುವ ಮೆಟ್ಟಿಲು

ನನ್ನ ಪಿಕಪ್ ಗಾಡಿಯನ್ನು ನೆಲದಿಂದ ಅಷ್ಟೆತ್ತರಕ್ಕೆ ಏರಿಸಿದ್ದು ನಾನೇ. ಕಲ್ಲುಕ್ವಾರಿಗೆ ನೀರಿನ ಡ್ರಮ್ ಸಾಗಿಸುವುದು ನನ್ನ ಕೆಲಸ. ಆ ದಾರಿಯ ಬಂಡೆಗಳು ಮಾಮೂಲಿ ಗಾಡಿಯ ಹೊಟ್ಟೆಯನ್ನೇ ಬಗೆದುಬಿಡುತ್ತವೆ. ಹನ್ನೊಂದು ವರ್ಷ ಕೋತಿಯ ಹಾಗೆ ಹತ್ತಿ ಇಳಿದೆ. ಆಮೇಲೆ ಡ್ರಮ್ಮೊಂದು ಉರುಳಿ ಎಡಮಂಡಿಯ ಮೇಲೆ ಬಿತ್ತು. ಈಗ ಅದು ಅರ್ಧ ಮಾತ್ರ ಮಡಚುತ್ತದೆ. ಕ್ಲಚ್ ತುಳಿಯಲು ಅಷ್ಟು ಸಾಕು, ಸೀಟಿಗೆ ಹತ್ತಲು ಸಾಲದು.

ಯಾರ ಕಷ್ಟಕ್ಕೂ ಕರಗದ ನನ್ನ ತಮ್ಮನಿಗೆ ಇದ್ದಕ್ಕಿದ್ದಂತೆ ಅಕ್ಕನ ಮೇಲೆ ಕರುಣೆ ಉಕ್ಕಿತು.

"ದುಡಿದಿದ್ದು ಸಾಕಕ್ಕ. ಕೀ ಕೊಡು, ನಾನು ಓಡಿಸ್ತೀನಿ. ನೀನು ಮನೇಲಿ ಆರಾಮಾಗಿರು."

"ಕೆಟ್ಟಿರೋದು ನನ್ನ ಮಂಡಿ ಕಣೋ, ತಲೆ ಅಲ್ಲ."

"ಹಾಗಾದ್ರೆ ಸೋಮವಾರ ಯಾರ ಕೈಯೂ ಹಿಡೀದೆ ಹತ್ತಿ ತೋರ್ಸು. ಆಗ್ಲಿಲ್ಲ ಅಂದ್ರೆ ಗಾಡಿ ನಂಗೆ."

"ಆಯ್ತು" ಎಂದುಬಿಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಗೊತ್ತಿದ್ದೂ ಅಂದೆ.

ವೆಲ್ಡಿಂಗ್ ಅಂಗಡಿಯವನು ಬಾಗಿಲ ಕೆಳಗೆ ಕಬ್ಬಿಣದ ಮೆಟ್ಟಿಲು ಕೂರಿಸಿಕೊಟ್ಟ. ಸಲೀಸಾಗಿ ಹತ್ತಿದೆ, ಕ್ವಾರಿಗೆ ಹೊರಟೆ. ಅರ್ಧ ದಾರಿಯಲ್ಲಿ ಬಂಡೆಗೆ ತಗುಲಿ ಮೆಟ್ಟಿಲು ಕಿತ್ತುಬಂತು. ಅಷ್ಟು ಕೆಳಗೆ ಇಳಿಬಿಟ್ಟರೆ ಇನ್ನೇನಾದೀತು!

"ಗಾಡಿ ಎತ್ತರಾನೇ ಇಳಿಸಿಬಿಡೋಣ" ಅಂದ ವೆಲ್ಡಿಂಗಿನವನು.

"ಇಳಿಸಿದ್ಮೇಲೆ ನೀರು ನೀನು ಹೊತ್ಕೊಂಡು ಹೋಗ್ತೀಯಾ?"

ಕ್ವಾರಿಯಲ್ಲಿ ಜಲ್ಲಿ ಸಾಗಿಸುವ ಯಂತ್ರದ ಹಳೆಯ ಬೆಲ್ಟು ಬಿದ್ದಿತ್ತು. ಬೆರಳು ದಪ್ಪದ ರಬ್ಬರು. ಎರಡು ಪಟ್ಟಿ ಕತ್ತರಿಸಿ ತಂದು ಬಾಗಿಲ ಕೆಳಗೆ ನೇತುಹಾಕಿಸಿದೆ, ತುದಿಗೆ ಕಬ್ಬಿಣದ ಹಲಗೆ ಬೋಲ್ಟು ಮಾಡಿಸಿದೆ. ಬಂಡೆ ತಾಗಿದರೆ ಬಾಗುತ್ತದೆ, ದಾಟಿದ ಮೇಲೆ ತನ್ನ ಜಾಗಕ್ಕೆ ಬರುತ್ತದೆ. ಆದರೆ ಜೋತಾಡುವ ಮೆಟ್ಟಿಲಿಗೆ ಗಟ್ಟಿ ಹಿಡಿಕೆಯೂ ಬೇಕು. ಆ ವೆಲ್ಡಿಂಗ್ ಪುಣ್ಯಾತ್ಮ ಹಿಡಿಕೆಯನ್ನು ತನ್ನ ಎತ್ತರಕ್ಕೆ ಹಾಕಿದ, ನನಗೆ ಎಟುಕಲಿಲ್ಲ.

ಅವನ ಎಡಮಂಡಿಗೆ ಎರಡು ಕಬ್ಬಿಣದ ಪಟ್ಟಿ ಇಟ್ಟು, ಮಡಚದಂತೆ ಹಗ್ಗದಿಂದ ಬಿಗಿದೆ. "ಈಗ ನೀನೇ ಹತ್ತು."

ಕುಂಡೆ ಊರಿ ಬಿದ್ದ. ಎದ್ದವನು ಹಗ್ಗ ಬಿಚ್ಚಿ ಹಿಡಿಕೆಯನ್ನು ಒಂದು ಗೇಣು ಕೆಳಗಿಳಿಸಿದ.

ಸೋಮವಾರ ಬೆಳಗ್ಗೆ ತಮ್ಮ ಡ್ರೈವರ್ ಬಾಗಿಲ ಪಕ್ಕದಲ್ಲೇ ಕೈ ಚಾಚಿ ನಿಂತಿದ್ದ. "ಬಿದ್ರೆ ಹಿಡ್ಕೋತೀನಿ."

"ಕೈ ತೆಗಿ."

ಬಲಗಾಲಿಟ್ಟೆ. ಮೆಟ್ಟಿಲು ಒಳಕ್ಕೆ ಓಲಾಡಿತು. ಬಿದ್ದರೆ ಗಾಡಿ ಹೋಗುತ್ತದೆ. ಗಾಡಿ ಹೋದರೆ ಉಳಿದ ಆಯುಷ್ಯವೆಲ್ಲ ತಮ್ಮನ ಮನೆಯ ಮೂಲೆಯಲ್ಲಿ, ಕೊಟ್ಟಾಗ ಕಾಫಿ ಕುಡಿಯುತ್ತ ಕೂರಬೇಕು. ಹಲ್ಲು ಕಚ್ಚಿ ಹಿಡಿಕೆ ಎಳೆದೆ. ಎಡಗಾಲನ್ನು ಸೌದೆ ಎಳೆದುಕೊಂಡಂತೆ ಒಳಗೆಳೆದುಕೊಂಡೆ. ಸೀಟಿನಲ್ಲಿದ್ದೆ.

ಗಾಡಿ ಶುರು ಮಾಡಿದೆ. ತಮ್ಮ ಬಾಯಿ ಬಿಟ್ಟುಕೊಂಡು ನಿಂತಿದ್ದ.

"ಡ್ರಮ್ ಇಳಿಸೋಕೆ ಜನ ಬೇಕು. ದುಡಿಯೋ ಆಸೆ ಇದೆಯಲ್ಲ ನಿಂಗೆ, ಬಾ."

ಗೊಣಗುತ್ತ ಆ ಕಡೆ ಸುತ್ತಿ ಹೋದ. ಬಾಗಿಲು ತೆಗೆದ, ಡೊಳ್ಳುಹೊಟ್ಟೆ ಸೀಟಿಗೆ ಒತ್ತಿ ಎರಡು ಸಲ ಜಿಗಿದ, ಎರಡು ಸಲವೂ ಜಾರಿದ.

"ಅಕ್ಕಾ, ಈ ಕಡೆ ಮೆಟ್ಟಿಲೇ ಇಲ್ವಲ್ಲೇ!"

"ನಿನ್ನ ಎರಡು ಮಂಡೀನೂ ಮಡಚುತ್ತವಲ್ಲ, ಹತ್ತು" ಎಂದು ಗೇರ್ ಹಾಕಿದೆ.