ಸಕ್ಕರೆ ಮಾತ್ರೆ ನುಂಗಿ ಉಪವಾಸ ಕೂತ ಸಿದ್ದಲಿಂಗಮ್ಮ

ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರಿನ ಸಿದ್ದಲಿಂಗಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಸೋಮವಾರದ ಉಪವಾಸವನ್ನೂ ತಪ್ಪಿಸಿದವರಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಾಲು ಹಣ್ಣು, ಸಂಜೆ ಊಟ. ಹೇಗೋ ನಡೆದುಕೊಂಡು ಹೋಗುತ್ತಿತ್ತು.

ಈ ವರ್ಷ ಸೊಸೆ ನಯನ ಮೈ ಇಳಿಸಲು ಹೊರಟಳು. ಫೋನಿನ ವಿಡಿಯೊದಲ್ಲಿ ಯಾರೋ ಹೇಳಿದ್ದರು: ಮಧ್ಯಾಹ್ನದಿಂದ ಸಂಜೆಯೊಳಗೆ ಮಾತ್ರ ತಿನ್ನಬೇಕು, ವಾರಕ್ಕೊಮ್ಮೆ ನೀರನ್ನೂ ಮುಟ್ಟಬಾರದು, ಹಾಗಿದ್ದರೆ ಮೈ ಇಳಿಯುತ್ತದೆ, ಸಕ್ಕರೆ ಕಾಯಿಲೆಯೂ ವಾಸಿಯಾಗುತ್ತದೆ. ಇದನ್ನು ಕೇಳಿ ಅತ್ತೆಗೂ ಆಸೆಯಾಯಿತು.

"ಅಂಗಾರೆ ನಾನೂ ನಿನ್ ಜೊತೇಲಿ ಮಾಡ್ತೀನಿ ಕಣ್ಮಗ. ಸೋಮಾರ ಎಂಗೂ ಉಪಾಸ ಇದ್ದೇ ಇರ್ತೀನಿ. ನೀರೂ ಬುಟ್ರಾಯ್ತು," ಎಂದರು.

ಪಕ್ಕದ ಮನೆಯ ಭಾನುಪ್ರಿಯಾ ತಿ. ನರಸೀಪುರದ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ವಿಷಯ ಕಿವಿಗೆ ಬಿದ್ದಾಗ ಹಿತ್ತಲ ಬೇಲಿಯ ಆಚೆಯಿಂದಲೇ ಹೇಳಿದಳು.

"ಸಕ್ರೆ ಮಾತ್ರೆ ತಗೊಳ್ಳೋರು ಹಿಂಗೆಲ್ಲ ಮಾಡ್ಬಾರ್ದು ದೊಡ್ಡವ್ವ. ಮೊದ್ಲು ಡಾಕ್ಟ್ರನ್ನ ಕೇಳಿ."

"ನಮ್ಮವ್ವ ಸಾಯೋಗಂಟ ಉಪಾಸ ಮಾಡುದ್ಲು. ಅವಳ್ಗೇನಾಯ್ತು?"

"ನಿಮ್ಮವ್ವ ಸಕ್ರೆ ಮಾತ್ರೆ ತಗೊತಿದ್ರಾ?"

ಸಿದ್ದಲಿಂಗಮ್ಮ ಬಟ್ಟೆ ಒಣಹಾಕಲು ಹೋದರು.

ಸೋಮವಾರ ಬಂತು. ಹಿಂದಿನ ಸಂಜೆ ಉಂಡದ್ದೇ ಕೊನೆ. ಬೆಳಿಗ್ಗೆ ಮಾತ್ರೆ ನುಂಗಲು ಒಂದು ಗುಟುಕು ನೀರು, ಅಷ್ಟೇ. ಮಧ್ಯಾಹ್ನ ಬಿಸಿಲಿನಲ್ಲಿ ಅಂಗಳದ ಭತ್ತ ಹರವಿ ಬಂದು ಪಡಸಾಲೆಯಲ್ಲಿ ಕೂತವರು ಬೆವರತೊಡಗಿದರು. ರವಿಕೆ ಒದ್ದೆಯಾಯಿತು, ಕೈ ನಡುಗಿತು. ಗದ್ದೆಯಿಂದ ಬಂದ ಮಗ ರುದ್ರೇಶ್ "ಯಾಕವ್ವ?" ಎಂದು ಕೇಳಿದರೆ, ಅವನ ಮುಖವನ್ನೇ ದಿಟ್ಟಿಸಿ "ನೀನ್ಯಾರಪ್ಪ?" ಎಂದರು.

ರುದ್ರೇಶನಿಗೆ ದಿಗಿಲಾಯಿತು. "ಯಾರ್ದೋ ದೃಷ್ಟಿ ಆಗ್ಬುಟ್ಟದೆ ಕಣೆ. ನೀವಾಳ್ಸಿ ಮಲಗ್ಸು," ಎಂದ. ನಯನ ಅವನ ಮಾತು ಕೇಳಲಿಲ್ಲ. ಓಡಿಹೋಗಿ ಭಾನುಪ್ರಿಯಾಳನ್ನು ಕರೆತಂದಳು.

ಭಾನುಪ್ರಿಯಾ ತಣ್ಣಗಾಗಿದ್ದ ಕೈ ಹಿಡಿದು ನೋಡಿದಳು. "ರಕ್ತದಲ್ಲಿ ಸಕ್ರೆ ಪೂರ್ತಿ ಇಳಿದೋಗಿರ್ಬೇಕು. ಇನ್ನೂ ಎಚ್ಚರ ಇದಾರೆ, ನುಂಗೋಕಾಗುತ್ತೆ. ನಯನ, ಬೇಗ ಸಕ್ರೆ ನೀರು ಮಾಡ್ಕೊಂಡು ಬಾ. ಅಣ್ಣ, ನೀವು 108ಕ್ಕೆ ಫೋನ್ ಮಾಡಿ."

ಲೋಟ ತುಟಿಗೆ ಬಂದಾಗ ಸಿದ್ದಲಿಂಗಮ್ಮ ಮುಖ ತಿರುಗಿಸಿಕೊಂಡರು. "ಇವತ್ತು ಸೋಮಾರ. ನಾ ಮುಟ್ಟಾಕಿಲ್ಲ."

ಭಾನುಪ್ರಿಯಾ ಬೇಡಿಕೊಂಡಳು. ಮಗ ಗದರಿದ. ಕಚ್ಚಿದ ಹಲ್ಲು ಸಡಿಲವಾಗಲಿಲ್ಲ. ಆಗ ನಯನ ಲೋಟ ತೆಗೆದುಕೊಂಡು ಅತ್ತೆಯ ಮುಂದೆ ಕೂತಳು.

"ಅತ್ತೆ, ಪೂಜೆ ಆಯ್ತು. ತೀರ್ಥ ತಗೊಳ್ಳಿ."

ಸಿದ್ದಲಿಂಗಮ್ಮ ನಡುಗುತ್ತಲೇ ಬಲಗೈ ಚಾಚಿದರು. ನಯನ ಆ ಕೈಯನ್ನು ಹಿಡಿದುಕೊಂಡು ಲೋಟವನ್ನು ತುಟಿಗಿಟ್ಟಳು. ಗುಟುಕು ಗುಟುಕಾಗಿ ನೀರು ಇಳಿಯಿತು. ಸ್ವಲ್ಪ ಹೊತ್ತಿನಲ್ಲಿ ಬೆವರು ನಿಂತಿತು. "ರುದ್ರೇಶ, ಯಾವಾಗ್ ಬಂದ್ಯಪ್ಪ?" ಎಂದರು. ರುದ್ರೇಶ್ ಕಂಬಕ್ಕೆ ಒರಗಿ ಕಣ್ಣು ಒರೆಸಿಕೊಂಡ.

108 ಆಂಬುಲೆನ್ಸ್ ಬಂದು ಅವರನ್ನು ನಂಜನಗೂಡಿನ ಆಸ್ಪತ್ರೆಗೆ ಕರೆದೊಯ್ದಿತು. ಅಲ್ಲಿನ ಡಾಕ್ಟರು ಅವತ್ತು ಮನೆಗೆ ಬಿಡಲಿಲ್ಲ. ನುಂಗಿದ ಮಾತ್ರೆಯ ಕೆಲಸ ಇನ್ನೂ ಮುಗಿದಿಲ್ಲ, ಸಕ್ಕರೆ ಮತ್ತೆ ಇಳಿಯಬಹುದು ಎಂದು ಉಳಿಸಿಕೊಂಡರು.

ಮರುದಿನ ನಯನ ತಾನೇ ಬಾಯಿಬಿಟ್ಟಳು. "ತೀರ್ಥ ಅಂತ ಸಕ್ರೆ ನೀರು ಕುಡಿಸ್ದೆ ಅತ್ತೆ. ಆ ವಿಡಿಯೊ ಕತೆ ಹೇಳಿದ್ದೂ ನಾನೇ."

ಸಿದ್ದಲಿಂಗಮ್ಮ ಸೊಸೆಯ ಕೈ ಸವರಿದರು. "ಜೀವ ಉಳ್ಸಿದ್ ನೀರ್ ಕಣ್ಮಗ ಅದು. ತೀರ್ಥ ಅಂದುದ್ರಲ್ಲಿ ಸುಳ್ಳೇನದೆ?"

ನೋಡಲು ಬಂದ ಭಾನುಪ್ರಿಯಾಳನ್ನು ಅವರೇ ಕೇಳಿದರು: "ಅಂಗಾರೆ ಉಪಾಸನೇ ತಪ್ಪಾ ಭಾನು?"

"ಭಕ್ತಿ ತಪ್ಪಲ್ಲ ದೊಡ್ಡವ್ವ. ಆದ್ರೆ ಮಾತ್ರೆ ಇರೋದೇ ಸಕ್ರೆ ಇಳಿಸೋಕೆ. ಹೊಟ್ಟೇಲಿ ಅನ್ನ ಇದೆಯೋ ಇಲ್ವೋ ಅದಕ್ಕೇನು ಗೊತ್ತು? ದಿನಾ ಮಧ್ಯಾಹ್ನದಿಂದ ಸಂಜೆವರೆಗೆ ಮಾತ್ರ ತಿನ್ನೋದು, ಅದರ ಮೇಲೆ ನೀರೂ ಬಿಟ್ಟು ಉಪವಾಸ. ಗಟ್ಟಿಮುಟ್ಟಾಗಿ ಇರೋರನ್ನೂ ಅದು ಬೀಳಿಸುತ್ತೆ. ನಯನನೂ ನೀರು ಬಿಡೋ ಹಾಗಿಲ್ಲ."

ಡಾಕ್ಟರು ಸಿದ್ದಲಿಂಗಮ್ಮನ ಮಾತ್ರೆಯನ್ನು ಬದಲಾಯಿಸಿದರು. ಈಗ ಸೋಮವಾರವೂ ಅವರು ಪೂಜೆ ಮುಗಿಸಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ. ನಯನ ರಾತ್ರಿಯೂಟವನ್ನು ಬೇಗ ಮಾಡುತ್ತಾಳೆ, ಎಣ್ಣೆ ತಿಂಡಿ ಬಿಟ್ಟಿದ್ದಾಳೆ, ಸಂಜೆ ಕಾಲುವೆ ಏರಿಯ ಮೇಲೆ ನಡೆಯುತ್ತಾಳೆ. ಮೈ ನಿಧಾನವಾಗಿ ಇಳಿಯುತ್ತಿದೆ. "ನಿಧಾನಕ್ಕೇ ಇಳೀಲಿ ಬುಡು," ಎನ್ನುತ್ತಾರೆ ಅತ್ತೆ.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇರಬಹುದು. ಬಸುರಿ, ಬಾಣಂತಿ, ಬೆಳೆಯುವ ಮಕ್ಕಳು, ಕಿಡ್ನಿ ತೊಂದರೆ ಇರುವವರು, ವಯಸ್ಸಾದವರು ಇರಬಹುದು. ಡಾಕ್ಟರನ್ನು ಕೇಳದೆ ಇವರು ಉಪವಾಸ ಕೂರುವುದು ಬೇಡ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದೂ ಬೇಡ. ಬೆವರು, ನಡುಕ, ತಲೆಸುತ್ತು, ತಡವರಿಸುವ ಮಾತು ಕಂಡರೆ ಉಪವಾಸವನ್ನು ಅಲ್ಲಿಗೇ ಬಿಡಿಸಿ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ 108ಕ್ಕೆ ಕರೆ ಮಾಡಿ. ಫೋನಿನಲ್ಲಿ ಹೇಳುವವರಿಗೆ ನಿಮ್ಮ ಕಾಯಿಲೆ ಗೊತ್ತಿಲ್ಲ. ನಿಮ್ಮ ಡಾಕ್ಟರಿಗೆ ಗೊತ್ತಿದೆ. ಅವರನ್ನೇ ಕೇಳಿ.