ಅಲುಗಾಡದ ಬೆಂಚು

ಡುವೇನ್ ಹಾರೆಯ ತುದಿಯನ್ನು ಕೆಲಸದ ಬೆಂಚಿಗೂ ಗೋಡೆಗೂ ನಡುವೆ ತೂರಿಸಿ ಮೈಭಾರ ಬಿಟ್ಟು ಅದುಮಿದ. ಗೋಡೆಯ ಹಲಗೆ ಕಿರುಗುಟ್ಟಿತು. ಬೆಂಚು ಕದಲಲಿಲ್ಲ. ಅವನ ಬೂಟಿಗೆ ಮೆತ್ತಿದ್ದ ಸ್ಮಶಾನದ ಕೆಸರು ಇನ್ನೂ ಒಣಗಿರಲಿಲ್ಲ.

"ಕೈ ತೆಗಿ, ಚಿಕ್ಕಪ್ಪ."

ಗ್ಯಾರೇಜಿನ ಬಾಗಿಲಲ್ಲಿ ಕಾರ್ಲಾ ನಿಂತಿದ್ದಳು, ಕೈಯಲ್ಲಿ ಯಾರೋ ತಂದುಕೊಟ್ಟ ಆಲೂಗಡ್ಡೆಯ ಪಾತ್ರೆ. ಮನೆಯೊಳಗೆ, ಅವಳ ಅಮ್ಮ ಆರ್ಡಿತ್‌ಳನ್ನು ಮಣ್ಣು ಮಾಡಿ ಬಂದವರು ಊಟಕ್ಕೆ ಕೂತಿದ್ದರು.

"ಹೆಂಗೂ ಪಿಕಪ್ ತಂದಿದೀನಿ. ಇದಕ್ಕೋಸ್ಕರ ಇನ್ನೊಂದ್ ಸಲ ಯಾರು ಬರ್ತಾರೆ? ನಮ್ಮಣ್ಣ ಲೈಲ್ ಮಾಡಿದ ಬೆಂಚು ಕಣೆ. ನಿಮ್ಮಪ್ಪ ತೀರ್ಕೊಂಡಾಗ್ಲೇ ಕೇಳ್ಬೇಕಿತ್ತು, ನಿಮ್ಮಮ್ಮ ಬೇಜಾರ್ ಮಾಡ್ಕೋತಾಳೆ ಅಂತ ಸುಮ್ನಿದ್ದೆ."

"ಮಣ್ಣು ಹಾಕಿದ ಕೈ ಇನ್ನೂ ತೊಳ್ದಿಲ್ಲ ನೀನು."

"ನೀನೇನು ಇದ್ರ ಮೇಲೆ ಬಂದೂಕಿನ ತೋಟಾ ತುಂಬ್ತೀಯಾ? ಪಾದ್ರಿಗಳೇ ಹೇಳಿದ್ರಲ್ಲ, ಲೈಲ್ ಕೆಲಸಕ್ಕೆಲ್ಲ ಆರ್ಡಿತ್ ನೆರಳಿನ ಹಾಗೆ ಇದ್ಲು ಅಂತ."

ಆ ಮಾತಿಗೆ ಕಾರ್ಲಾ ಚರ್ಚಿನಲ್ಲೇ ಹಲ್ಲು ಕಚ್ಚಿದ್ದಳು. ಅಮ್ಮನ ಮೇಲೂ ಸಿಟ್ಟು ಉಕ್ಕಿತ್ತು. ಪೆಟ್ಟಿಗೆಯಲ್ಲಿ ಮಲಗಿಯೂ ಸುಮ್ಮನೆ ಕೇಳಿಸಿಕೊಂಡಳಲ್ಲ.

*

ಮೊದಲು ಅಲ್ಲಿದ್ದದ್ದು ಲೈಲ್ ಮಾಡಿದ ಬೆಂಚು. ತೆಳು ಹಲಗೆ, ಸಣಕಲು ಕಾಲು. ಖಾಲಿ ತೋಟಾಗಳಿಗೆ ಮತ್ತೆ ಮದ್ದುಗುಂಡು ತುಂಬುವ ಪ್ರೆಸ್ಸಿನ ಹಿಡಿ ಕೆಳಗೆಳೆದರೆ ಮುಂಭಾಗ ಬಗ್ಗುತ್ತಿತ್ತು, ಮೇಲೆತ್ತಿದರೆ ಹಿಂಗಾಲು ನೆಲ ಬಿಡುತ್ತಿತ್ತು. ಮದ್ದು ತೂಗುವ ತಕ್ಕಡಿಯ ಮುಳ್ಳು ನಿಲ್ಲುತ್ತಲೇ ಇರಲಿಲ್ಲ. ಒಮ್ಮೆ ಮದ್ದು ಹೆಚ್ಚಾಗಿ, ಗುಂಡು ಹಾರಿದ ಮೇಲೆ ಬಂದೂಕಿನ ಚಿಲಕ ಕಚ್ಚಿಕೊಂಡು ತೆರೆಯದೆ ಹೋಯಿತು. ಲೈಲ್ ಬೆಂಚನ್ನು ಒದ್ದು ಒಳಗೆ ಹೋದ.

ಆ ವಾರವೇ ಆರ್ಡಿತ್ ಅದನ್ನು ಒಡೆದು ಒಲೆಗೆ ಹಾಕಿದಳು. ಹೊಸದಕ್ಕೆ ಬೇಲಿ ಕಂಬದಷ್ಟು ದಪ್ಪದ ಕಾಲು. ಮೇಲೆ ಪ್ಲೈವುಡ್ಡಿನ ಹಾಳೆಗಳನ್ನು ಅಂಟಿಸಿ ಒಂದು ಮಾಡಿದಳು. ಗೆಣ್ಣಿನಿಂದ ಗೋಡೆ ತಟ್ಟಿ, ಒಳಗಿನ ಕಂಬ ಎಲ್ಲಿದೆಯೆಂದು ಕಿವಿಗೊಟ್ಟು ತಿಳಿದು ಅದಕ್ಕೇ ಬೋಲ್ಟು ಬಿಗಿದಳು. ಪ್ರೆಸ್ಸು ಕೂತದ್ದು ನೇರ ಕಾಲಿನ ಮೇಲೆ. ಕೆಳಗಿನ ಹಲಗೆಗೆ ಮರಳಿನ ಮೂಟೆ. ಹಿಡಿ ಎಳೆದಳು; ತಕ್ಕಡಿಯ ಮುಳ್ಳು ಮಿಸುಕಲಿಲ್ಲ.

ಅಂದಿನಿಂದ ಲೈಲ್‌ಗೂ ಅವನ ಜೊತೆ ಬೇಟೆಗೆ ಹೋಗುವವರಿಗೂ ತೋಟಾ ತುಂಬಿದ್ದೆಲ್ಲ ಅವಳೇ. ಗೆಳೆಯರೆದುರು ಲೈಲ್ "ನನ್ನ ಬೆಂಚು" ಎಂದಾಗ ಅವಳು ಕಾಫಿ ಬಗ್ಗಿಸುತ್ತಿದ್ದಳು.

"ಯಾಕಮ್ಮ ಹೇಳಲ್ಲ?" ಕಾರ್ಲಾ ಕೇಳಿದ್ದಳು.

"ಹೆಂಗಸು ತುಂಬಿದ್ದು ಅಂದ್ರೆ ಒಬ್ರೂ ಹಾರಿಸಲ್ಲ ಕಣೆ. ನಂಗೆ ಕೆಲಸ ಬೇಕು. ಹೆಸರು ತಗೊಂಡು ಏನ್ಮಾಡ್ಲಿ?"

*

ಡುವೇನ್ ಮತ್ತೆ ಅದುಮಿದ. ಒಂದು ಬೋಲ್ಟು ಸಡಿಲಗೊಂಡು ಗೋಡೆಯ ಹಲಗೆ ಸೀಳಿತು. ಸದ್ದಿಗೆ ಪಾದ್ರಿಯೂ ಪಕ್ಕದ ಮನೆಯ ಮುದುಕಿ ಇಂಗಾಳೂ ತಟ್ಟೆ ಹಿಡಿದೇ ಓಡಿ ಬಂದರು.

"ಏನೋ ಡುವೇನ್, ಮನೆ ಕೆಡವ್ತೀಯಾ?" ಎಂದಳು ಇಂಗಾ. "ಊಟ ಸಾಕಾಗ್ಲಿಲ್ವೇನೋ?"

ಕಾರ್ಲಾ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. "ಚಿಕ್ಕಪ್ಪ, ಬೇರೆಯವ್ರು ತುಂಬಿದ ತೋಟಾ ಹಾರಿಸ್ತೀಯಾ ನೀನು?"

"ಹುಚ್ಚಾ ನಂಗೆ? ಮುಖದ ಪಕ್ಕ ಸಿಡಿಯೋ ಸಾಮಾನು. ನಮ್ಮಣ್ಣ ತುಂಬಿದ್ದು ಬಿಟ್ಟು ಯಾರ್ದೂ ಮುಟ್ಟಲ್ಲ."

"ಅಪ್ಪ ಈ ಬೆಂಚಿನ ಮೇಲೆ ಒಂದ್ ಸಲಾನೂ ಹಿಡಿ ಎಳ್ದಿಲ್ಲ. ಬೆಂಚು ಮಾಡಿದ್ದು ಅಮ್ಮ. ನಿನ್ನ ಗೋಡೆ ಮೇಲೆ ಎಷ್ಟು ಜಿಂಕೆ ಕೊಂಬು ನೇತಾಡ್ತಿದಾವೋ, ಅಷ್ಟಕ್ಕೂ ತೋಟಾ ತುಂಬಿದ್ದು ಅಮ್ಮ."

"ಸುಳ್ಳು."

"ಸುಳ್ಳಲ್ವೋ," ಎಂದಳು ಇಂಗಾ. "ನಮ್ಮನೆಯವ್ರೂ ಸಾಯೋವರ್ಗೂ ಅವಳದ್ದೇ ಹಾರಿಸಿದ್ರು, ಗೊತ್ತಿಲ್ದೆ. ನಿಂಗೇನಾದ್ರೂ ಗೊತ್ತಾದ್ರೆ ವಾಂತಿ ಮಾಡ್ಕೋತೀಯ ಅಂತ ನಾನೂ ಆರ್ಡಿತೂ ನಗ್ತಿದ್ವಿ."

"ನೆರಳಂತೆ, ನೆರಳು!" ಕಾರ್ಲಾ ಪಾದ್ರಿಯ ಕಡೆ ತಿರುಗಿದಳು. ಪಾದ್ರಿ ತಟ್ಟೆ ನೋಡಿಕೊಂಡರು.

ಅವಳು ಹಾರೆಯನ್ನು ಕಿತ್ತು ಅಂಗಳಕ್ಕೆ ಎಸೆದಳು. ಕಪ್ಪು ಉಡುಪಿನಲ್ಲೇ ಮಂಡಿಯೂರಿ, ಸಡಿಲವಾಗಿದ್ದ ಬೋಲ್ಟಿಗೆ ಸ್ಪ್ಯಾನರ್ ಕಚ್ಚಿಸಿ, ಹಲ್ಲು ಬಿಗಿಹಿಡಿದು ತಿರುವತೊಡಗಿದಳು. ಡುವೇನ್ ನಿಂತಲ್ಲೇ ನಿಂತಿದ್ದ. ಅವನ ಕೈ ತಾನಾಗಿ ಮೇಲೆದ್ದು, ಬಂದೂಕಿಗೆ ಆತು ಆತು ಜಡ್ಡುಗಟ್ಟಿದ್ದ ಬಲಗೆನ್ನೆಯನ್ನು ಮೆಲ್ಲಗೆ ಸವರುತ್ತಿತ್ತು, ಇನ್ನೂ ಅಲ್ಲೇ ಇದೆಯೋ ಇಲ್ಲವೋ ಎಂದು ನೋಡುವವನ ಹಾಗೆ.