ಕಣ್ಣು ಮುಚ್ಚಿ ಹೇಳಿದ ಹ್ಞೂಂ

ಮಗಳ ಎಡಜಡೆ ಮುಗಿದು, ಬಲಗಡೆಯ ಕೂದಲನ್ನು ತಾಯಿ ಮೂರು ಎಳೆ ಮಾಡಿಕೊಂಡಿದ್ದಳಷ್ಟೇ, ಒಲೆಯ ಮೇಲಿನ ಹಾಲು ಉಕ್ಕಿ ಸುಂಯ್ ಎಂದಿತು. ಎದ್ದು ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. ಒಲೆ ಆರಿಸಿ, ಚೆಲ್ಲಿದ್ದನ್ನು ಒರೆಸಿ, ಹಾಗೆಯೇ ಗೋಡೆ ಹಿಡಿದು ಬಂದು ಕುರ್ಚಿಯಲ್ಲಿ ಕೂತಳು.

ಕೆಳಗೆ ಕೂತಿದ್ದ ಮಗಳು ತಾಯಿಯ ಪಾದ ನೋಡಿದಳು, ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಬಲಗಾಲಿನ ಚಪ್ಪಲಿ ಅಲ್ಲೇ ಮಗುಚಿ ಬಿದ್ದಿತ್ತು. ಅದು ಕಳಚಿದ್ದು ತಾಯಿಗೆ ಗೊತ್ತೇ ಆಗಿರಲಿಲ್ಲ.

"ತಲೆ ಅಲ್ಲಾಡಿಸ್ಬೇಡ ಕಣೇ," ಎಂದಳು ತಾಯಿ, ಮತ್ತೆ ಜಡೆಗೆ ಕೈ ಹಾಕುತ್ತ.

ಎಂಟು ವರ್ಷದ ಈ ಹುಡುಗಿಗೆ ಮನೆಯಲ್ಲಿ ವಕೀಲಮ್ಮ ಎಂದೇ ಹೆಸರು. ಒಂದಕ್ಕೆ ಹತ್ತು ಪ್ರಶ್ನೆ ಕೇಳುವವಳು, ತಾಯಿಯ ಜೊತೆ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಮೂರು ದಿನದಿಂದ ತುಟಿ ಎರಡು ಮಾಡಿರಲಿಲ್ಲ. "ಏನೇ, ವಕೀಲಮ್ಮ ಕೇಸು ಕೈಬಿಟ್ಲಾ?" ಎಂದು ದೊಡ್ಡಮ್ಮ ಫೋನಿನಲ್ಲಿ ನಕ್ಕಿದ್ದರು.

ತಾಯಿಯ ಎದೆಯ ಹಿಂಭಾಗದ ಬೆನ್ನೆಲುಬಿನಲ್ಲಿ, ಎರಡು ಮೂಳೆಗಳ ನಡುವಿನ ಡಿಸ್ಕ್ ಜಾರಿ ಬೆನ್ನುಹುರಿಯನ್ನು ಒತ್ತುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಕಾಲಿನಲ್ಲಿ ಸ್ಪರ್ಶ ಸರಿಯಿದ್ದರೆ ಮಾತ್ರೆ, ವ್ಯಾಯಾಮ ಮಾಡುತ್ತ ಕಾದು ನೋಡಬಹುದು. ಇಲ್ಲವಾದರೆ ಪಕ್ಕೆಯಿಂದ ಕೊಯ್ದು ಅದನ್ನು ಬೇಗ ತೆಗೆಯಬೇಕು. ತಡವಾದರೆ ಹೋದ ನಡಿಗೆ ಮರಳಿ ಬರುವುದು ಕಷ್ಟ. ಆಮೇಲೆ ತಾಯಿಯ ಕಣ್ಣು ಮುಚ್ಚಿಸಿದರು. ಪಿನ್ನಿನಿಂದ ಚುಚ್ಚುತ್ತೇನೆ, ಗೊತ್ತಾದಾಗಲೆಲ್ಲ ಹ್ಞೂಂ ಅನ್ನಿ ಎಂದರು.

ಅವಳು ಹೊಲಿಗೆಯವಳು. ಮೊದಲು ಅಂಗೈಗೆ ಚುಚ್ಚಿ ತೋರಿಸಿದಾಗಲೇ ಒಂದು ಚುಚ್ಚಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಎಂಬ ಲೆಕ್ಕ ಸಿಕ್ಕಿಬಿಟ್ಟಿತ್ತು. ಪಾದದ ಸರದಿ ಬಂದಾಗ, ಆ ಲೆಕ್ಕದಲ್ಲೇ, ಕೈಹೊಲಿಗೆ ಹಾಕಿದಷ್ಟು ಒಪ್ಪವಾಗಿ, ಹ್ಞೂಂ, ಹ್ಞೂಂ ಎನ್ನುತ್ತ ಹೋದಳು. ನಡುವೆ ನರ್ಸು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದಾಗ ಡಾಕ್ಟರು ಚುಚ್ಚುವುದನ್ನು ಬಿಟ್ಟು ಅತ್ತ ತಿರುಗಿದ್ದರು. ಆಗಲೂ ಹ್ಞೂಂ ಎಂದಿದ್ದಳು. ಕಣ್ಣು ಬಿಟ್ಟಾಗ ಡಾಕ್ಟರು ಇನ್ನೂ ನರ್ಸಿನ ಕಡೆಗೇ ಇದ್ದರು. ಮಗಳು ಮಾತ್ರ ಗೋಡೆಗೊರಗಿ ತಾಯಿಯನ್ನೇ ನೋಡುತ್ತಿದ್ದಳು. ಹದಿನೈದು ದಿನ ಬಿಟ್ಟು ಬನ್ನಿ ಎಂದು ಡಾಕ್ಟರು ಕಳಿಸಿದರು.

ಹೆದರಿಕೆಯಿಂದ ಹಾಗೆ ಮಾಡಿದಳೇ ಎಂದರೆ ಅವಳಿಗೆ ಹೆದರಿಕೆಯೂ ಆಗಿರಲಿಲ್ಲ. ಆಪರೇಷನ್ ಮಾಡಿಸಿಕೊಂಡು ತಿಂಗಳುಗಟ್ಟಲೆ ಮಲಗಿಬಿಟ್ಟರೆ ಇವಳ ಜಡೆ ಯಾರು ಹಾಕುತ್ತಾರೆ ಎಂಬುದೊಂದೇ ಹೊಳೆದಿತ್ತು. ಎದೆಯ ಕೆಳಗೆ ಒದ್ದೆ ಬಟ್ಟೆ ಬಿಗಿದು ಸುತ್ತಿದ ಹಾಗಿತ್ತು, ಅಷ್ಟೇ. ಹೊಲಿಯಲು ಕೂತರೆ ಕಾಲು ಪೆಡಲಿನ ಮೇಲಿದೆಯೇ ಎಂದು ಬಗ್ಗಿ ನೋಡಿಕೊಳ್ಳುತ್ತಿದ್ದಳು. ಅದಕ್ಕೂ ಈಗ ಒಗ್ಗಿಹೋಗಿದ್ದಳು.

ಬಲಜಡೆ ಮುಗಿಯಿತು. "ಪಿನ್ನು ಕೊಡು," ಎಂದು ಕೈ ಚಾಚಿದಳು. ಕೈಗೆ ಏನೂ ಬರಲಿಲ್ಲ.

ಬಗ್ಗಿ ನೋಡಿದಳು. ಮಗಳು ಪಿನ್ನಿನ ತುದಿಯನ್ನು ತಾಯಿಯ ಬಲಗಾಲಿನ ಹೆಬ್ಬೆರಳಿಗೆ ಒತ್ತಿ ಹಿಡಿದಿದ್ದಳು. ಒತ್ತಿದ ಕಡೆ ಚರ್ಮ ಬೆಳ್ಳಗಾಗಿತ್ತು. ಎಷ್ಟು ಹೊತ್ತಿನಿಂದಲೋ.

"ತೆಗಿಯೇ, ಚುಚ್ತಿದೆ," ಎಂದಳು ತಾಯಿ.

ಮಗಳು ಪಿನ್ನು ತೆಗೆದು ಮುಷ್ಟಿಯಲ್ಲಿಟ್ಟುಕೊಂಡಳು. "ನೋಡಿದ್ಮೇಲೆ ಹೇಳ್ದೆ," ಎಂದಳು. ಆಮೇಲೆ ಹೋಗಿ ಚಪ್ಪಲಿ ತಂದು, ತಾಯಿಯ ಕಾಲಿಗೆ ತಾನೇ ತೊಡಿಸಿ, ತಲೆಯೆತ್ತಿದಳು.

"ಅವತ್ತು ಡಾಕ್ಟರು ಆ ಕಡೆ ತಿರುಗಿದ್ರಲ್ಲ, ಆಗ್ಲೂ ಯಾಕಮ್ಮಾ ಹ್ಞೂಂ ಅಂದೆ?"